ತಮ್ಮ ಅಗ್ನಿವೀರನಾಗುತ್ತೇನೆ ಎನ್ನುತ್ತಾನೆ, ಅಪ್ಪ ಬೇಡ ಎನ್ನುತ್ತಾರೆ: ಸೇನೆಯ ನೌಕರಿಯಲ್ಲಿ ಲಾಭವೆಷ್ಟು, ನಷ್ಟವೆಷ್ಟು?

ಶಿರಹಟ್ಟಿ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮ ಊರು ಶಿರಹಟ್ಟಿ ತಾಲ್ಲೂಕಿನಲ್ಲಿದೆ, ಕೆಲಸದ ಸಲುವಾಗಿ ನಾನು ಹುಬ್ಬಳ್ಳಿಯಲ್ಲಿದ್ದೇನೆ. ತಮ್ಮ ಈ ವರ್ಷ ಪಿಯುಸಿ ವಿಜ್ಞಾನ ಮುಗಿಸಿದ, ಅಂಕಗಳು ಅಷ್ಟಕ್ಕಷ್ಟೆ. ಬಿ.ಎಸ್ಸಿ.ಗೆ ಹಚ್ಚೋಣ ಎಂದರೆ ಅಗ್ನಿವೀರ ಅರ್ಜಿ ಹಾಕುತ್ತೇನೆ, ಡಿಗ್ರಿ ಆಮೇಲೆ ಎಂದು ಹಟ ಹಿಡಿದಿದ್ದಾನೆ. ನಸುಕಿನಲ್ಲಿ ತಾನಾಗಿಯೇ ಎದ್ದು ಓಡಲು ಹೋಗುತ್ತಾನೆ. ಇದೇ ಹುಡುಗನನ್ನು ಪರೀಕ್ಷೆಯ ದಿನ ಎಬ್ಬಿಸಲು ಅವ್ವ ಮುಖಕ್ಕೆ ನೀರು ಗೊಜ್ಜಬೇಕಾಗಿತ್ತು.

ಅಪ್ಪನದು ಒಂದೇ ಮಾತು: ನಾಲ್ಕು ವರ್ಷಕ್ಕೆ ಮನೆಗೆ ಕಳಿಸುವುದು ಎಂಥ ನೌಕರಿ? ಅವ್ವನ ಭಯ ಬೇರೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋದರಮಾವ ಮಾತ್ರ "ಮಿಲಿಟರಿ ಸೇರಿದವನಿಗೆ ಜೀವನ ಪಕ್ಕಾ" ಎಂದು ಹುರಿದುಂಬಿಸುತ್ತಾರೆ. ಅವರ ಗೆಳೆಯರೊಬ್ಬರು ಪಿಂಚಣಿ ತೆಗೆದುಕೊಂಡು ಬಂದು ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದಾರೆ.

ನಮ್ಮದು ಮಳೆಯನ್ನೇ ನಂಬಿದ ಹೊಲ. ಶೇಂಗಾ, ಹೆಸರು ಬೆಳೆಯುತ್ತೇವೆ, ಬಂದ ವರ್ಷ ಬಂತು, ಇಲ್ಲದ ವರ್ಷ ಇಲ್ಲ. ದೇಶಭಕ್ತಿಯ ಭಾಷಣ ಬೇಡ, ಹೆದರಿಸುವುದೂ ಬೇಡ. ಒಳಗಿದ್ದು ಬಂದವರು, ಅವರ ಮನೆಯವರು, ಲೆಕ್ಕ ಬಲ್ಲವರು ದಯವಿಟ್ಟು ಹೇಳಿ.

ಎರೆಹೊಲ, ಕುಂದಗೋಳ
ಕಳಿಸಿರಿ ತಂಗಿ. ಹೊಲದಲ್ಲಿ ಏನಿದೆ? ಈ ಸಲ ಹೆಸರಿಗೆ ಸಿಕ್ಕ ದರ ಕೇಳಿದರೆ ನೀವೇ ಓಡಲು ಶುರುಮಾಡುತ್ತೀರಿ.

ಬ್ಯಾಡಗಿ ವ್ಯಾಪಾರಿ
ಕಳಿಸಬೇಡಿ. ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಂಡು ಮೂವರನ್ನು ಕೈಬಿಡುವ ಯೋಜನೆ ಅದು. ಇಪ್ಪತ್ತೆರಡು ವರ್ಷಕ್ಕೆ ಊರಿಗೆ ಬಂದು ಏನು ಮಾಡುತ್ತಾನೆ? ನಮ್ಮ ಅಂಗಡಿಯಲ್ಲಿ ಚೀಲ ಎಣಿಸುತ್ತಾನೆಯೇ?

ಲೆಕ್ಕದ ಮನುಷ್ಯ, ಹಾವೇರಿ
ಕಳಿಸಿರಿ, ಕಳಿಸಬೇಡಿ ಎನ್ನುವ ಮೊದಲು ಹಣದ ಮಾತು ಮುಗಿಸೋಣ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇ 30 ಸೇವಾ ನಿಧಿಗೆ ಹೋಗುತ್ತದೆ. ಕೈಗೆ ಬರುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ಅಪಾಯದ ಜಾಗ, ಕಷ್ಟದ ಜಾಗ ಎಂದರೆ ಅದರ ಭತ್ಯೆ ಬೇರೆ.

ಕಡಿತವಾದಷ್ಟೇ ಹಣವನ್ನು ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷಕ್ಕೆ ಹುಡುಗನದು 5.02 ಲಕ್ಷ, ಸರ್ಕಾರದ್ದು 5.02 ಲಕ್ಷ, ಬಡ್ಡಿ ಸೇರಿ ಸುಮಾರು 11.71 ಲಕ್ಷ. ಇದಕ್ಕೆ ಆದಾಯ ತೆರಿಗೆ ಇಲ್ಲ. ಕೈಗೆ ಬಂದ ಸಂಬಳವನ್ನೂ ಕೂಡಿಸಿ ನೋಡಿ, 23 ಲಕ್ಷ ದಾಟುತ್ತದೆ. ಊಟ, ವಸತಿ, ಸಮವಸ್ತ್ರ, ಔಷಧೋಪಚಾರದ ಖರ್ಚು ಅವನದಲ್ಲ.

ಇನ್ನು ಇಲ್ಲದ್ದರ ಪಟ್ಟಿ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ತುಟ್ಟಿಭತ್ಯೆ ಇಲ್ಲ, ಸೈನಿಕ ಸೇವಾ ವೇತನ ಇಲ್ಲ. ನಾಲ್ಕು ವರ್ಷ ಮುಗಿಸಿ ಬಂದವನಿಗೆ ಮಾಜಿ ಸೈನಿಕನ ಸ್ಥಾನಮಾನ ಇಲ್ಲ, ಕಡಿಮೆ ದರದ ಮಿಲಿಟರಿ ಕ್ಯಾಂಟೀನ್ ಸೌಲಭ್ಯ ಇಲ್ಲ, ಮಾಜಿ ಸೈನಿಕರಿಗೆ ಕೊಡುವ ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡ್ ಇಲ್ಲ. ನಿಮ್ಮ ಮಾವ ನೋಡಿದ ಎರಡಂತಸ್ತಿನ ಮನೆ ಈ ಇಲ್ಲದ್ದರ ಪಟ್ಟಿಯಿಂದಲೇ ಕಟ್ಟಿದ್ದು, ಅದನ್ನು ಅವರಿಗೆ ಹೇಳಿ.

ಪೇಢೆಪ್ರಿಯ
ಕ್ಯಾಂಟೀನ್ ಕಾರ್ಡ್ ಇಲ್ಲವೇ? ಹಾಗಾದರೆ ನೆಂಟರಿಗೆ ಏನು ಲಾಭ?

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ಪೇಢೆಯವರೇ, ನಾನು ರಜೆಗೆ ಬಂದಾಗಲೆಲ್ಲ "ಆರಾಮ ಇದ್ದೀಯಾ" ಎಂದು ಕೇಳುವ ಮೊದಲು "ಬಾಟಲಿ ತಂದೆಯಾ" ಎಂದು ಕೇಳಿದ ನೆಂಟರ ಪಟ್ಟಿ ಇನ್ನೂ ನೆನಪಿದೆ.

ತಂಗೀ, ನಾನು 1998ರಲ್ಲಿ ಭರ್ತಿಯಾದವನು, ಪಿಂಚಣಿ ಪಡೆದು ಊರಿಗೆ ಬಂದವನು. ನಮ್ಮ ಕಾಲದ ಸಿಪಾಯಿಗೆ ಹದಿನೈದು ವರ್ಷ ಸೇವೆ ತುಂಬಿದರೆ ಜೀವನಪೂರ್ತಿ ಪಿಂಚಣಿ. ಅವನು ಸತ್ತರೆ ಹೆಂಡತಿಗೆ ಕುಟುಂಬ ಪಿಂಚಣಿ. ಒಂದು ಶ್ರೇಣಿ ಒಂದು ಪಿಂಚಣಿ, ಅಂದರೆ ಎಂದು ನಿವೃತ್ತರಾದರೂ ಅದೇ ಶ್ರೇಣಿ, ಅಷ್ಟೇ ಸೇವೆಗೆ ಒಂದೇ ಪಿಂಚಣಿ, 2015ರಲ್ಲಿ ಬಂದ ಮೇಲೆ ಹಳಬರಿಗೂ ಕೈ ಸ್ವಲ್ಪ ಸಡಿಲವಾಯಿತು. ಇಸಿಎಚ್‌ಎಸ್ 2003ರಿಂದ ಇದೆ. ನನ್ನ ತಾಯಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಅದರಲ್ಲೇ ಆಯಿತು. ಇದನ್ನೆಲ್ಲ ಉಂಡವನು ನಾನು, ಇಲ್ಲ ಎನ್ನುವುದಿಲ್ಲ.

ಆದರೆ ಊರವರು ಮನೆ ನೋಡುತ್ತಾರೆ, ಆ ಮನೆಯಲ್ಲಿ ನಾನು ಇಲ್ಲದ ವರ್ಷಗಳನ್ನು ನೋಡುವುದಿಲ್ಲ. ಅಪ್ಪ ತೀರಿಕೊಂಡಾಗ ಸುದ್ದಿ ತಲುಪಿ, ರಜೆ ಮಂಜೂರಾಗಿ, ಹಿಮ ಬಿದ್ದ ರಸ್ತೆ ತೆರೆದು ಊರು ಮುಟ್ಟುವಷ್ಟರಲ್ಲಿ ದಿನಕಾರ್ಯವೂ ಮುಗಿದಿತ್ತು. ಮಗಳು ಮಾತು ಕಲಿತದ್ದು ಫೋನಿನಲ್ಲಿ ಗೊತ್ತಾಯಿತು. ಮೂವತ್ತೇಳು, ಮೂವತ್ತೆಂಟನೇ ವಯಸ್ಸಿಗೆ ಊರಿಗೆ ಬಂದು ನಿಂತಾಗ ಕೈಯಲ್ಲಿ ಪಿಂಚಣಿ ಇತ್ತು, ಮಾಡಲು ಕೆಲಸ ಇರಲಿಲ್ಲ. ಹುಬ್ಬಳ್ಳಿಯ ಎಟಿಎಂಗಳ ಮುಂದೆ ಸ್ಟೂಲಿನ ಮೇಲೆ ಕೂತವರಲ್ಲಿ ನಮ್ಮವರೆಷ್ಟು ಜನ ಎಂದು ಒಮ್ಮೆ ಕೇಳಿ ನೋಡಿ.

ನನ್ನ ನೌಕರಿಯನ್ನು ನೋಡಿ ನಿಮ್ಮ ತಮ್ಮನಿಗೆ ಸಲಹೆ ಕೊಡುವುದು ಸರಿಯಲ್ಲ. ಹೆಸರು ಒಂದೇ, ನೌಕರಿ ಬೇರೆ.

ಕೆಸಿಡಿ ಮೈದಾನ
ಕಾಕಾ, ನಿಮ್ಮ ಮಾತು ಓದಿ ಕಾಲು ಎಳೆಯುತ್ತಿದೆ, ಆದರೂ ನಾಳೆ ಓಡುತ್ತೇನೆ. ನಾನೂ ಅಭ್ಯರ್ಥಿ. ಧಾರವಾಡದಲ್ಲಿ ನಾವು ಐದು ಜನ ಒಂದು ಕೋಣೆ ಹಿಡಿದಿದ್ದೇವೆ. ಇಬ್ಬರು ಪಿಎಸ್‌ಐಗೆ, ಒಬ್ಬ ಎಫ್‌ಡಿಎಗೆ, ಇಬ್ಬರು ಅಗ್ನಿವೀರಕ್ಕೆ ಓದುತ್ತಿದ್ದೇವೆ. ಪಿಎಸ್‌ಐ ಅಣ್ಣಂದಿರು ಅಧಿಸೂಚನೆಗಾಗಿ ಕಾದು ಕಾದು ಗಡ್ಡ ಬಿಟ್ಟಿದ್ದಾರೆ. ಸೇನೆಯದು ಪ್ರತಿ ವರ್ಷ ಬರುತ್ತದೆ, ಪರೀಕ್ಷೆ ನಡೆಯುತ್ತದೆ, ಫಲಿತಾಂಶ ಬರುತ್ತದೆ. ನನಗೆ ಅದೇ ದೊಡ್ಡ ಲಾಭ.

ಸಪ್ತಾಪುರ ಮಾಸ್ತರ
ಈ ಹುಡುಗ ಹೇಳಿದ್ದರಲ್ಲಿ ಸತ್ಯವಿದೆ. ನಾನು ಇಲ್ಲಿ ಗಣಿತ ಹೇಳಿಕೊಡುತ್ತೇನೆ. ಇಪ್ಪತ್ತೊಂಬತ್ತು ವರ್ಷದವರೆಗೆ ಕೋಣೆ ಬಾಡಿಗೆ ಕಟ್ಟುತ್ತ, ಊರಿಂದ ಬಂದ ರೊಟ್ಟಿಯ ಗಂಟು ಬಿಚ್ಚುತ್ತ ಕೂತಿರುವವರನ್ನು ದಿನಾ ನೋಡುತ್ತೇನೆ. ನಾಲ್ಕು ವರ್ಷದ ನೌಕರಿಯನ್ನು ಕಾಯಂ ನೌಕರಿಯ ಜೊತೆ ಹೋಲಿಸುತ್ತೀರಿ. ಎಂಟು ವರ್ಷ ನೌಕರಿಯೇ ಇಲ್ಲದೆ ಕಾಯುವುದರ ಜೊತೆಗೂ ಹೋಲಿಸಿ ನೋಡಿ.

ಬ್ಯಾಡಗಿ ವ್ಯಾಪಾರಿ
ಮಾಸ್ತರರೇ, ಕಾಯುವವರಿದ್ದಾರೆ ಎಂದೇ ನಿಮ್ಮ ಮನೆ ನಡೆಯುತ್ತಿದೆ. ನೀವು ಇದನ್ನು ಹೇಳುವುದು ಮಜವಾಗಿದೆ.

ಸಪ್ತಾಪುರ ಮಾಸ್ತರ
ಮೆಣಸಿನಕಾಯಿ ಮಾರುವವರು ಖಾರ ಕಡಿಮೆ ತಿನ್ನಿ ಎಂದು ಹೇಳಬಾರದೇ?

ಫೌಜಿ ಮನೆಯಾಕೆ, ನವಲಗುಂದ
ಗಂಡಸರೆಲ್ಲ ಹಣ, ಓಟ, ಬಾಟಲಿ ಎಂದು ಮಾತನಾಡಿದಿರಿ. ನಾನು ಸೈನಿಕನ ಹೆಂಡತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಓದುವ ತಾಳ್ಮೆ ಇರಲಿ.

ಫೀಲ್ಡ್ ಪೋಸ್ಟಿಂಗ್ ಇದ್ದಾಗ ಹೆಂಡತಿ ಮಕ್ಕಳು ಜೊತೆಗೆ ಇರುವಂತಿಲ್ಲ. ಪೀಸ್ ಪೋಸ್ಟಿಂಗ್ ಬಂದರೆ ಕ್ವಾರ್ಟರ್ಸ್‌ಗೆ ಸರದಿ. ಸರದಿ ಬರುವಷ್ಟರಲ್ಲಿ ಮತ್ತೆ ವರ್ಗವಾದರೂ ಆಯಿತು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದ ಕಾಲಕ್ಕಿಂತ ನಾನು ಅತ್ತೆಯ ಜೊತೆ ಇದ್ದ ಕಾಲವೇ ಹೆಚ್ಚು. ಅತ್ತೆ ಒಳ್ಳೆಯವರು, ಅದು ನನ್ನ ಪುಣ್ಯ. ಮಾವನವರ ಬಿ.ಪಿ. ಗುಳಿಗೆ, ಹೊಲದ ಪಾಲಿನವನ ಜೊತೆ ಜಗಳ, ಮಗನ ಶಾಲೆಯ ಪಾಲಕರ ಸಭೆ, ಬ್ಯಾಂಕಿನ ಕೆವೈಸಿ, ಎಲ್ಲಕ್ಕೂ ನಾನೇ. ಸಂಬಳ ಅವರದು, ಮನೆತನ ನನ್ನದು.

ಒಳ್ಳೆಯದೂ ಇದೆ. ಜೋಧಪುರದಲ್ಲಿ ಇದ್ದಾಗ ಕೇರಳದವಳು, ಪಂಜಾಬಿನವಳು, ಅಸ್ಸಾಮಿನವಳು ಅಕ್ಕಪಕ್ಕ. ಊರಲ್ಲೇ ಇದ್ದಿದ್ದರೆ ಜೋರು ಧ್ವನಿಯಲ್ಲಿ ಮಾತನಾಡುವ ಧೈರ್ಯವೂ ನನಗೆ ಬರುತ್ತಿರಲಿಲ್ಲ. ಹಿಂದಿ ಕಲಿತೆ, ಸ್ಕೂಟರ್ ಕಲಿತೆ. ಮಗನಿಗೆ ಕೇಂದ್ರೀಯ ವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ವರ್ಗವಾದರೂ ಪಠ್ಯಕ್ರಮ ಬದಲಾಗಲಿಲ್ಲ. ಕನ್ನಡ ಮಾತ್ರ ಅವನು ಮನೆಯಲ್ಲಿ ಕಲಿತಷ್ಟೇ. ಅಜ್ಜಿಯ ಮಾತು ಅರ್ಧ ತಿಳಿಯುತ್ತದೆ, ಅರ್ಧಕ್ಕೆ ನಗುತ್ತಾನೆ.

ಶಿರಹಟ್ಟಿ ಅಕ್ಕಾ, ನಿಮ್ಮ ತಮ್ಮನಿಗೆ ಒಂದು ಪ್ರಶ್ನೆ ಕೇಳಿ. ಅವನು ಹೋದ ಮೇಲೆ ಅಪ್ಪ ಅವ್ವನನ್ನು ನೋಡುವವರು ಯಾರು? ಉತ್ತರ "ಅಕ್ಕ" ಎಂದಾದರೆ ನಿಮ್ಮನ್ನೂ ಕೇಳಿ ತೀರ್ಮಾನ ಮಾಡಬೇಕಲ್ಲವೇ?

ಶಿರಹಟ್ಟಿ ಅಕ್ಕ
ಅಕ್ಕಾ, ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಎತ್ತಿಲ್ಲ. ಇವತ್ತು ಎತ್ತುತ್ತೇನೆ.

ಎರೆಹೊಲ, ಕುಂದಗೋಳ
ಇದರಲ್ಲಿ ಕೇಳುವುದೇನು, ಹೆಣ್ಣುಮಕ್ಕಳೇ ನೋಡುತ್ತಾರೆ. ಹುಡುಗ ಹೊರಗೆ ದುಡಿದರೆ ಅವನಿಗೆ ಕನ್ಯೆಯಾದರೂ ಸಿಗುತ್ತದೆ. ನಮ್ಮ ಊರಲ್ಲಿ ಮೂವತ್ತು ದಾಟಿದ ರೈತರ ಮಕ್ಕಳು ಒಂದು ಕಟ್ಟೆ ತುಂಬ ಇದ್ದಾರೆ. ಫೌಜಿ ಎಂದರೆ ಮಾತ್ರ ಹೆಣ್ಣು ಕೊಡುವವರು ತಾವಾಗಿಯೇ ಬರುತ್ತಾರೆ.

ಫೌಜಿ ಮನೆಯಾಕೆ, ನವಲಗುಂದ
"ಹೆಣ್ಣುಮಕ್ಕಳೇ ನೋಡುತ್ತಾರೆ" ಎನ್ನುವ ನಿಮ್ಮಂಥವರು ಇರುವುದಕ್ಕೇ ಆ ಕಟ್ಟೆ ತುಂಬಿದೆ ಕಾಕಾ.

ಪೇಢೆಪ್ರಿಯ
ಕಾಕಾ ಔಟ್.

ಗದಗ ಬೆಟಗೇರಿ
ಮದುವೆಯ ಸಂತೆಯಲ್ಲಿ ಅಗ್ನಿವೀರನ ದರ ಇಳಿದಿದೆ. ನಮ್ಮ ಸಂಬಂಧಿಕರಲ್ಲಿ ಒಬ್ಬ ಹುಡುಗನಿಗೆ ಹೆಣ್ಣು ಕೇಳಲು ಹೋದರೆ ಮೊದಲ ಮಾತು: "ಪರ್ಮನೆಂಟ್ ಆದ ಮೇಲೆ ಬನ್ನಿ." ಸೇರುವಾಗಲೇ ಅವಿವಾಹಿತ ಆಗಿರಬೇಕು ಎಂಬ ನಿಯಮ ಇರುವುದರಿಂದ ಆ ಕಡೆಯ ಚಿಂತೆ ನಾಲ್ಕು ವರ್ಷ ಮುಂದಕ್ಕೆ.

ಕೆಸಿಡಿ ಮೈದಾನ
ಇಲ್ಲಿ ನೌಕರಿಯ ಚರ್ಚೆಯೋ, ವಧೂವರರ ಸಮಾವೇಶವೋ?

ರಾಣೆಬೆನ್ನೂರಿನ ಹುಡುಗಿ
ನನಗೂ ಒಂದು ಪ್ರಶ್ನೆ ಇದೆ. ತಮ್ಮಂದಿರ ಮಾತೇ ನಡೆಯುತ್ತಿದೆ. ಹುಡುಗಿಯರಿಗೆ ಸೇನೆಯಲ್ಲಿ ದಾದಿಯರ ಕೆಲಸ ಬಿಟ್ಟು ಬೇರೆ ಏನಿದೆ? ನಾನು ಪಿಯುಸಿ ಮೊದಲ ವರ್ಷ.

ಎನ್‌ಸಿಸಿ ಅಂಡರ್ ಆಫೀಸರ್
ಬೇಕಾದಷ್ಟಿದೆ ತಂಗಿ. ಕೋರ್ ಆಫ್ ಮಿಲಿಟರಿ ಪೊಲೀಸ್‌ನಲ್ಲಿ ಮಹಿಳೆಯರ ಮೊದಲ ತಂಡ, 83 ಮಂದಿ, 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕೇಂದ್ರದಿಂದಲೇ ತರಬೇತಿ ಮುಗಿಸಿ ಹೊರಬಂತು. ಈಗ ಅದೇ ವಿಭಾಗಕ್ಕೆ ಮಹಿಳಾ ಅಗ್ನಿವೀರರನ್ನು ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡದು ಎನ್‌ಡಿಎ, ಪಿಯುಸಿ ನಂತರ ಸೇನಾ ಅಧಿಕಾರಿಗಳನ್ನು ತಯಾರಿಸುವ ಅಕಾಡೆಮಿ. 2021ರಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ತೆರೆಸಿತು, 2025ರ ಮೇ ತಿಂಗಳಲ್ಲಿ ಮೊದಲ 17 ಹುಡುಗಿಯರು ಖಡಕ್‌ವಾಸ್ಲಾದಿಂದ ಉತ್ತೀರ್ಣರಾಗಿ ಹೊರಬಂದರು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ನೀವು ಈಗಲೇ ಗಣಿತ ಗಟ್ಟಿ ಮಾಡಿಕೊಳ್ಳಿ.

ಶಿರಹಟ್ಟಿ ಅಕ್ಕನಿಗೂ ಇದನ್ನೇ ಹೇಳಬೇಕೆಂದಿದ್ದೆ. ಸೇನೆ ಎಂದರೆ ಸಿಪಾಯಿ ಒಂದೇ ಅಲ್ಲ. ತಮ್ಮ ಬಿ.ಎಸ್ಸಿ. ಸೇರಿ ಕಾಲೇಜಿನಲ್ಲಿ ಎನ್‌ಸಿಸಿ ಹಿಡಿದು ಸಿ ಪ್ರಮಾಣಪತ್ರ ಪಡೆದರೆ, ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆಯೇ ಇಲ್ಲದೆ ನೇರವಾಗಿ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಹೋಗಬಹುದು. ಪದವೀಧರರು ಅಧಿಕಾರಿಯಾಗಲು ಬರೆಯುವ ಸಿಡಿಎಸ್ ಪರೀಕ್ಷೆಯ ದಾರಿ ಇದ್ದೇ ಇದೆ. ಲೆಫ್ಟಿನೆಂಟ್‌ನ ಮೂಲವೇತನ 56,100 ರೂಪಾಯಿ, ಅದರ ಮೇಲೆ ಸೈನಿಕ ಸೇವಾ ವೇತನ 15,500, ಭತ್ಯೆಗಳು ಬೇರೆ. ಅಗ್ನಿವೀರನ 21,000 ಎಲ್ಲಿ, ಇದೆಲ್ಲಿ?

ಸಪ್ತಾಪುರ ಮಾಸ್ತರ
ಹೇಳುವುದು ಸುಲಭ. ಎಸ್‌ಎಸ್‌ಬಿ ಐದು ದಿನ ನಡೆಯುತ್ತದೆ, ಗುಂಪು ಚರ್ಚೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆಯುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರು ಗುಂಪು ಚರ್ಚೆಯಲ್ಲಿ ಬಾಯಿ ತೆರೆಯುವುದರೊಳಗೆ ಸಮಯ ಮುಗಿದಿರುತ್ತದೆ. ಬುದ್ಧಿ ಇಲ್ಲವೆಂದಲ್ಲ, ರೂಢಿ ಇಲ್ಲ.

ಎನ್‌ಸಿಸಿ ಅಂಡರ್ ಆಫೀಸರ್
ರೂಢಿ ಮಾಡಿಸುವುದು ಮಾಸ್ತರರ ಕೆಲಸವಲ್ಲವೇ? ಅವನಿಗೆ ಈಗ ಹದಿನೆಂಟು. ಮೂರು ವರ್ಷ ಇದೆ. ವಿಜಯಪುರ ಸೈನಿಕ ಶಾಲೆಯವರು, ಬೆಳಗಾವಿಯ ಮಿಲಿಟರಿ ಶಾಲೆಯವರು ಆರನೇ ತರಗತಿಯಿಂದ ತಯಾರಾಗುತ್ತಾರೆ, ನಿಜ. ಆದರೆ ಅವರಿಗೇ ಬರೆದುಕೊಟ್ಟ ನೌಕರಿಯೇನೂ ಅಲ್ಲ.

ಶಿರಹಟ್ಟಿ ಅಕ್ಕ
ತಮ್ಮನಿಗೆ ಇದನ್ನು ಓದಿ ಹೇಳಿದೆ. "ಮೂರು ವರ್ಷ ಓದಿ ಎಸ್‌ಎಸ್‌ಬಿಯಲ್ಲಿ ಬಿದ್ದರೆ ಅಷ್ಟರಲ್ಲಿ ಅಗ್ನಿವೀರದ ವಯಸ್ಸೂ ದಾಟಿರುತ್ತದೆ" ಎಂದ. ಯೋಜನೆ ಬಂದಾಗ ಹದಿನೇಳೂವರೆಯಿಂದ 21 ಎಂದು ಇತ್ತಲ್ಲ, ಅದು ಅವನ ಎದೆಯಲ್ಲಿ ಕೂತಿದೆ.

ಲೆಕ್ಕದ ಮನುಷ್ಯ, ಹಾವೇರಿ
ಹುಡುಗ ದಡ್ಡನಲ್ಲ. ಹಾಗಾದರೆ ಎರಡನ್ನೂ ಒಟ್ಟಿಗೆ ಮಾಡಬಹುದು. ಈ ವರ್ಷ ಬಿ.ಎಸ್ಸಿ. ಸೇರಲಿ, ಎನ್‌ಸಿಸಿಗೂ ಹೆಸರು ಕೊಡಲಿ, ಅಗ್ನಿವೀರ ಅರ್ಜಿಯನ್ನೂ ಹಾಕಲಿ. ಅಧಿಸೂಚನೆಯಲ್ಲಿ ಹುಟ್ಟಿದ ದಿನಾಂಕದ ಮಿತಿ ಸ್ಪಷ್ಟವಾಗಿ ಕೊಟ್ಟಿರುತ್ತಾರೆ, ಅದನ್ನು ನೋಡಿಕೊಂಡು ಎಷ್ಟು ಅವಕಾಶ ಉಳಿದಿದೆ ಎಂದು ಎಣಿಸಿಕೊಳ್ಳಿ.

ಸೇರಿದ ಮೇಲೂ ಓದು ನಿಲ್ಲಬೇಕಾಗಿಲ್ಲ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಗ್ನಿವೀರರಿಗೆಂದೇ ಪದವಿ ಕಾರ್ಯಕ್ರಮವಿದೆ, ಸೇವೆಯಲ್ಲಿ ಕಲಿತ ಕೌಶಲಕ್ಕೆ ಅರ್ಧದಷ್ಟು ಕ್ರೆಡಿಟ್ ಸಿಗುತ್ತದೆ. ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಪದವಿಯೂ, ಹನ್ನೊಂದು ಲಕ್ಷವೂ ಕೈಯಲ್ಲಿದ್ದರೆ ಅಪ್ಪನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಬ್ಯಾಡಗಿ ವ್ಯಾಪಾರಿ
ಹನ್ನೊಂದು ಲಕ್ಷ ಹನ್ನೊಂದು ತಿಂಗಳು ಉಳಿದರೆ ಹೇಳಿ. ಅಕ್ಕನ ಮದುವೆ, ಬೋರ್‌ವೆಲ್, ಸೊಸೈಟಿ ಸಾಲ, ಒಂದು ಟ್ರ್ಯಾಕ್ಟರ್. ಮುಗಿಯಿತು.

ಶಿರಹಟ್ಟಿ ಅಕ್ಕ
ನನ್ನ ಮದುವೆಗೆ ನಾನೇ ದುಡಿಯುತ್ತಿದ್ದೇನೆ ಸಾಹುಕಾರರೇ. ಬೋರ್‌ವೆಲ್‌ನ ಮಾತು ನಿಜ, ಅಪ್ಪನ ಕಣ್ಣು ಅದರ ಮೇಲೆ ಬೀಳುತ್ತದೆ.

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ಬೋರ್‌ವೆಲ್‌ಗೆ ಮಾತ್ರ ಹಾಕಬೇಡಿ ತಂಗಿ. ನಮ್ಮ ಪಿಂಚಣಿ ಪ್ರತಿ ತಿಂಗಳು ಬರುವುದರಿಂದ ಒಂದು ತಿಂಗಳು ತಪ್ಪು ಮಾಡಿದರೂ ಮುಂದಿನ ತಿಂಗಳು ಇರುತ್ತದೆ. ಈ ಹುಡುಗರಿಗೆ ಬರುವುದು ಒಂದೇ ಸಲ. ನೀರು ಬೀಳದ ಬೋರಿಗೆ ಸುರಿದರೆ ಅವನ ನಾಲ್ಕು ವರ್ಷವೂ ಅದೇ ತೂತಿನಲ್ಲಿ ಹೋಯಿತು.

ಗದಗ ಬೆಟಗೇರಿ
ನಾಲ್ಕು ವರ್ಷದ ನಂತರ ಬಿಎಸ್‌ಎಫ್, ಸಿಆರ್‌ಪಿಎಫ್‌ನಲ್ಲಿ ಎಲ್ಲರನ್ನೂ ತೆಗೆದುಕೊಳ್ಳುತ್ತಾರಂತಲ್ಲ?

ಲೆಕ್ಕದ ಮನುಷ್ಯ, ಹಾವೇರಿ
ಎಲ್ಲರನ್ನೂ ಅಲ್ಲ. 2022ರಲ್ಲಿ ಘೋಷಿಸಿದ್ದು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಶೇ 10 ಮೀಸಲು, ಜೊತೆಗೆ ವಯೋಮಿತಿ ಸಡಿಲಿಕೆ. ಮೀಸಲು ಎಂದರೆ ಸರದಿಯಲ್ಲಿ ಮುಂದಿನ ಜಾಗ, ನೇಮಕಾತಿ ಪತ್ರ ಅಲ್ಲ. ಇನ್ನೊಂದು ಮಾತು: ಆ ಪಡೆಗಳಲ್ಲಿ 2004ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಗಡಿಯಲ್ಲಿ ನಿಂತರೂ ಸೇನೆಯ ಸಿಪಾಯಿಯ ಪಿಂಚಣಿ ಬೇರೆ, ಬಿಎಸ್‌ಎಫ್ ಜವಾನನದು ಬೇರೆ.

ಗದಗ ಬೆಟಗೇರಿ
ಹಾಗಾದರೆ ನಾಲ್ವರಲ್ಲಿ ಕಾಯಂ ಆದ ಒಬ್ಬನಾದರೂ ಗೆದ್ದ. ನಾಲ್ಕು ವರ್ಷ ಹಿಂದಿನಿಂದಲೇ ಸೇವೆ ಎಣಿಸಿ ಹದಿನೈದಕ್ಕೆ ಪಿಂಚಣಿ.

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ಇಲ್ಲ. ಅಗ್ನಿವೀರನಾಗಿದ್ದ ನಾಲ್ಕು ವರ್ಷ ಪಿಂಚಣಿ ಲೆಕ್ಕಕ್ಕೆ ಬರುವುದಿಲ್ಲ. ಕಾಯಂ ಆದ ದಿನದಿಂದ ಮತ್ತೆ ಕನಿಷ್ಠ ಹದಿನೈದು ವರ್ಷ. ನಮ್ಮ ಕಾಲಕ್ಕೂ ಈಗಕ್ಕೂ ಅದೂ ಒಂದು ವ್ಯತ್ಯಾಸ. ಕಾಯಂ ಆಗುವುದು ಶೇ 25ರವರೆಗೆ ಎಂದು ಬರೆದಿದ್ದಾರೆ. "ವರೆಗೆ" ಎಂಬುದನ್ನು ಅಡಿಗೆರೆ ಹಾಕಿ ಓದಿರಿ.

ಬೆಟದೂರಿನ ನೆರೆಯವ
ಇಷ್ಟು ಹೊತ್ತು ಓದುತ್ತಿದ್ದೆ. ಒಬ್ಬರೂ ಸಾವಿನ ಮಾತು ಎತ್ತಲಿಲ್ಲ. ನಮ್ಮ ಭಾಗದವರಿಗೆ ಅದು ಪುಸ್ತಕದಲ್ಲಿ ಓದಿದ ವಿಷಯ ಅಲ್ಲ. ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆರು ದಿನದ ನಂತರ ಇವರನ್ನು ಜೀವಂತ ಹೊರತೆಗೆದರು, 11ನೇ ತಾರೀಖು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಅಂತಿಮ ದರ್ಶನಕ್ಕೆ ನೆರೆದ ಜನಸಾಗರ ನೋಡಿದವನು ನಾನು. ಸುತ್ತಲಿನ ಹಳ್ಳಿಗಳ ಹುಡುಗರು ಮರುದಿನ ಓಡುವುದನ್ನು ನಿಲ್ಲಿಸಲಿಲ್ಲ. ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನೀವೇ ಮಾಡಿಕೊಳ್ಳಿ.

ಎರೆಹೊಲ, ಕುಂದಗೋಳ
ನಾನೂ ಹೋಗಿದ್ದೆ. ಹೊಲದ ಕೆಲಸ ಬಿಟ್ಟು ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಜನ ಬಂದಿದ್ದರು.

ಲೆಕ್ಕದ ಮನುಷ್ಯ, ಹಾವೇರಿ
ಬೆಟದೂರಿನವರು ಎತ್ತಿದ್ದು ಸರಿ. ಅದರ ಲೆಕ್ಕವನ್ನೂ ಮನೆಯವರು ತಿಳಿದಿರಬೇಕು, ಕಹಿಯಾದರೂ. ಅಗ್ನಿವೀರನಿಗೆ 48 ಲಕ್ಷದ ಜೀವವಿಮೆ ಇದೆ, ಅವನು ಕಂತು ಕಟ್ಟಬೇಕಾಗಿಲ್ಲ. ಕರ್ತವ್ಯದ ಕಾರಣಕ್ಕೆ ತೀರಿಕೊಂಡರೆ ಇನ್ನೂ 44 ಲಕ್ಷ ಪರಿಹಾರ, ಉಳಿದ ಅವಧಿಯ ವೇತನ, ಸೇವಾ ನಿಧಿ. ಅಂಗವೈಕಲ್ಯವಾದರೆ ಅದರ ಪ್ರಮಾಣ ನೋಡಿ 44, 25 ಅಥವಾ 15 ಲಕ್ಷ. ಇಲ್ಲದಿರುವುದು ಒಂದೇ, ಹಳೆಯ ಸಿಪಾಯಿಯ ಕುಟುಂಬಕ್ಕೆ ಪ್ರತಿ ತಿಂಗಳು ಬರುವ ಪಿಂಚಣಿ. ಒಂದೇ ಸಲದ ದೊಡ್ಡ ಮೊತ್ತ ಮೇಲೋ, ತಿಂಗಳು ತಿಂಗಳು ಬರುವ ಸಣ್ಣದು ಮೇಲೋ ಎಂದು ಕೇಳಿದರೆ, ಬ್ಯಾಂಕಿನ ಈ ಬದಿಯಲ್ಲಿ ಕೂತ ನನಗೆ ಎರಡನೆಯದೇ ಮೇಲು. ದೊಡ್ಡ ಮೊತ್ತ ಬಂದ ವಾರವೇ ಆ ಮನೆಗೆ ಎಂದೂ ಬಾರದ ಬಂಧುಗಳು ಬರುತ್ತಾರೆ.

ಫೌಜಿ ಮನೆಯಾಕೆ, ನವಲಗುಂದ
ಈ ಕೊನೆಯ ಮಾತಿಗೆ ನನ್ನದೂ ರುಜು.

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ಹೆದರಿಸಬೇಡಿ ಎಂದು ತಂಗಿ ಮೊದಲೇ ಹೇಳಿದ್ದಾಳೆ, ಆದ್ದರಿಂದ ಇನ್ನೊಂದು ಬದಿಯನ್ನೂ ಹೇಳುತ್ತೇನೆ. ಸೇನೆಯಲ್ಲಿ ಎಲ್ಲರೂ ಸಿಯಾಚಿನ್‌ನಲ್ಲಿ ನಿಲ್ಲುವುದಿಲ್ಲ. ನಿಂತವನಿಗೆ ಸಿಪಾಯಿ ಮಟ್ಟದಲ್ಲಿ ತಿಂಗಳಿಗೆ 30,000 ಭತ್ಯೆ ಇದೆ, ಏಳನೇ ವೇತನ ಆಯೋಗದ ಪ್ರಕಾರ. ನಮ್ಮ ಕಡೆಯ ಹುಡುಗರು ಮದ್ರಾಸ್ ರೆಜಿಮೆಂಟ್, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ, ಬೆಂಗಳೂರಿನ ಎಂಇಜಿ, ಎಎಸ್‌ಸಿ, ಆರ್ಟಿಲರಿ ಎಂದು ಹಂಚಿಹೋಗುತ್ತಾರೆ. ಎಂಇಜಿಯಲ್ಲಿ ಸೇತುವೆ ಕಟ್ಟುವುದು, ಎಎಸ್‌ಸಿಯಲ್ಲಿ ಭಾರಿ ವಾಹನ ಓಡಿಸುವುದು, ಸಿಗ್ನಲ್ಸ್‌ನಲ್ಲಿ ಸಂಪರ್ಕ ಉಪಕರಣ, ಇವೆಲ್ಲ ಹೊರಗೆ ಬಂದ ಮೇಲೂ ಕೈಹಿಡಿಯುವ ವಿದ್ಯೆಗಳು. ಬರೀ ಕಾವಲು ಕಾಯ್ದವನಿಗೆ ಹೊರಗೆ ಬಂದ ಮೇಲೂ ಕಾವಲೇ ಸಿಗುತ್ತದೆ. ನಿಮ್ಮ ತಮ್ಮ ವಿಜ್ಞಾನ ಓದಿದ್ದಾನೆ, ಜನರಲ್ ಡ್ಯೂಟಿ ಬಿಟ್ಟು ಟೆಕ್ನಿಕಲ್ ವಿಭಾಗಕ್ಕೆ ಹಾಕಲಿ. ಹತ್ತನೇ ಪಾಸಾದವರೊಂದಿಗೆ ಗುದ್ದಾಡುವುದು ಏಕೆ?

ಮಾಜಿ ಸೈನಿಕರಿಗೆ ಸರ್ಕಾರಿ ಬ್ಯಾಂಕುಗಳಲ್ಲಿ ಗುಮಾಸ್ತ ಮಟ್ಟದಲ್ಲಿ ಶೇ 14.5 ಮೀಸಲು ಇದೆ, ರಕ್ಷಣಾ ಭದ್ರತಾ ದಳಕ್ಕೆ ಮತ್ತೆ ಸೇರಬಹುದು. ಅವು ಹದಿನೈದು ವರ್ಷ ತುಂಬಿಸಿದ ನಮಗೆ.

ಕೆಸಿಡಿ ಮೈದಾನ
ಕಾಕಾ, ಊಟ ಹೇಗಿರುತ್ತದೆ? ರೊಟ್ಟಿ ಸಿಗುತ್ತದೆಯೇ?

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ರೊಟ್ಟಿ ಎಂದು ಕೇಳಿದರೆ ಅಲ್ಲಿ ಗೋಧಿಯದನ್ನು ಕೊಡುತ್ತಾರೆ. ಜೋಳದ ರೊಟ್ಟಿ ತಿನ್ನಬೇಕೆಂದರೆ ಕಟಕರೊಟ್ಟಿ, ಶೇಂಗಾ ಚಟ್ನಿ ಟ್ರಂಕಿನಲ್ಲಿ ಒಯ್ಯಬೇಕು. ಹುಬ್ಬಳ್ಳಿಯಲ್ಲಿ ಸಂಪರ್ಕ ಕ್ರಾಂತಿ ಹತ್ತಿದರೆ ದೆಹಲಿ ಮುಟ್ಟುವುದರೊಳಗೆ ಅರ್ಧ ಚಟ್ನಿ ಸಹಪ್ರಯಾಣಿಕರ ಪಾಲು.

ಗದಗ ಬೆಟಗೇರಿ
ಒಂದು ಎಚ್ಚರಿಕೆ. ನೇಮಕಾತಿ ರ‍್ಯಾಲಿ ಹತ್ತಿರ ಬಂದಾಗ "ನನಗೆ ಒಳಗೆ ಪರಿಚಯ ಇದೆ, ಇಷ್ಟು ಲಕ್ಷ ಕೊಡಿ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ಓಣಿಯ ಒಂದು ಮನೆಯವರು ಎಮ್ಮೆ ಮಾರಿ ಕೊಟ್ಟರು. ಹುಡುಗ ಸ್ವಂತ ಕಾಲಿನ ಮೇಲೆ ಓಡಿ ಪಾಸಾದ, ಆ ಮನುಷ್ಯ "ನಾನೇ ಮಾಡಿಸಿದೆ" ಎಂದು ಉಳಿದ ಹಣವನ್ನೂ ಕೇಳಲು ಬಂದ.

ಸಪ್ತಾಪುರ ಮಾಸ್ತರ
ಅವರ ವ್ಯಾಪಾರವೇ ಅದು. ಹತ್ತು ಜನರಿಂದ ತೆಗೆದುಕೊಳ್ಳುವುದು, ಪಾಸಾದವರ ಹಣ ಇಟ್ಟುಕೊಳ್ಳುವುದು, ಫೇಲಾದವರನ್ನು ಮುಂದಿನ ವರ್ಷ ಎಂದು ತಿರುಗಿಸುವುದು.

ಎರೆಹೊಲ, ಕುಂದಗೋಳ
ರ‍್ಯಾಲಿ ಬೆಳಗಾವಿಯಲ್ಲಿ ಆಗುತ್ತದಲ್ಲ? ನಮಗೆ ಹತ್ತಿರವೇ.

ಕೆಸಿಡಿ ಮೈದಾನ
ಅಲ್ಲ ಕಾಕಾ. ಧಾರವಾಡ, ಗದಗ, ಹಾವೇರಿ ಮೂರೂ ಮಂಗಳೂರಿನ ಸೇನಾ ನೇಮಕಾತಿ ಕಚೇರಿಗೆ ಸೇರಿವೆ. ರ‍್ಯಾಲಿಯ ಊರು ಪ್ರತಿ ಸಲ ಬದಲಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹಾವೇರಿಯಲ್ಲೇ ಆಗಿತ್ತು. 2023ರಿಂದ ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ರ‍್ಯಾಲಿ. ಜನರಲ್ ಡ್ಯೂಟಿಗೆ ಒಂದು ಗಂಟೆ, 50 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತ. 2025ರಿಂದ ಕನ್ನಡದಲ್ಲೂ ಬರೆಯಬಹುದು. ಮೈದಾನದಲ್ಲಿ 1.6 ಕಿಲೋಮೀಟರ್ ಓಟ, ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ. ಹತ್ತು ಪುಲ್‌ಅಪ್‌ಗೆ 40. ಆಮೇಲೆ ಒಂಬತ್ತು ಅಡಿ ಹಳ್ಳ ಜಿಗಿಯುವುದು, ಜಿಗ್‌ಜಾಗ್ ಹಲಗೆಯ ಮೇಲೆ ನಡೆಯುವುದು. ನಮ್ಮ ಭಾಗದ ಎತ್ತರದ ಮಿತಿ 166 ಸೆಂಟಿಮೀಟರ್.

ಪೇಢೆಪ್ರಿಯ
ನಾನು 165. ದೇಶ ಒಬ್ಬ ಮಹಾಯೋಧನನ್ನು ಒಂದು ಸೆಂಟಿಮೀಟರ್‌ನಲ್ಲಿ ಕಳೆದುಕೊಂಡಿತು.

ಮುಂಡರಗಿ ಓದುಗ
ನಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಬಹಳ ಹುಡುಗರ ಹಲ್ಲು ಕಂದು. ವೈದ್ಯಕೀಯದಲ್ಲಿ ತೊಂದರೆಯೇ?

ಎನ್‌ಸಿಸಿ ಅಂಡರ್ ಆಫೀಸರ್
ಅಲ್ಲಿ ಎಣಿಸುವುದು ಗಟ್ಟಿ ಹಲ್ಲುಗಳನ್ನು, ಹಲ್ಲುಗಳಿಗೆ ಕೊಡುವ ಅಂಕ, ಅಂದರೆ ಡೆಂಟಲ್ ಪಾಯಿಂಟ್, ಕನಿಷ್ಠ 14 ಬೇಕು. ಅಲುಗಾಡುವ, ಕೊಳೆತ ಹಲ್ಲಿದ್ದರೆ ಮೊದಲೇ ದಂತವೈದ್ಯರಿಗೆ ತೋರಿಸಿ. ಕಿವಿಯ ಗುಗ್ಗೆ, ಚಪ್ಪಟೆ ಪಾದ, ಬಣ್ಣ ಗುರುತಿಸುವ ದೃಷ್ಟಿ, ಇವನ್ನೂ ಊರಲ್ಲೇ ನೋಡಿಸಿಕೊಂಡು ಹೋಗಿ. ವರ್ಷವಿಡೀ ಓಡಿ ಕಿವಿಯ ಗುಗ್ಗೆಯ ಕಾರಣಕ್ಕೆ ವಾಪಸ್ ಬಂದವರನ್ನು ನೋಡಿದ್ದೇನೆ.

ಶಿರಹಟ್ಟಿ ಅಕ್ಕ
ನಿನ್ನೆ ರಾತ್ರಿ ಮನೆಯಲ್ಲಿ ಇದನ್ನೆಲ್ಲ ಓದಿದೆ. ಮಾವ "ಕ್ಯಾಂಟೀನ್ ಕೂಡ ಇಲ್ಲವೇ" ಎಂದು ಸ್ವಲ್ಪ ಹೊತ್ತು ಸುಮ್ಮನಾದರು. ಅಪ್ಪ ಅಂಕಿಗಳನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಬೋರ್‌ವೆಲ್ ಕೇಳುವುದಿಲ್ಲ ಎಂದು ಅವ್ವನ ಮುಂದೆ ಮಾತು ಕೊಟ್ಟಿದ್ದಾರೆ, ಎಷ್ಟು ದಿನ ನಿಲ್ಲುತ್ತದೋ. ನವಲಗುಂದದ ಅಕ್ಕನ ಪ್ರಶ್ನೆಗೆ ತಮ್ಮನ ಬಳಿ ಉತ್ತರ ಇರಲಿಲ್ಲ. ಕೊನೆಗೆ, ಬಿ.ಎಸ್ಸಿ. ಸೇರಿ ಎನ್‌ಸಿಸಿ ಹಿಡಿಯುವುದು, ಜೊತೆಗೆ ಟೆಕ್ನಿಕಲ್‌ಗೆ ಅರ್ಜಿ ಹಾಕುವುದು, ಆಯ್ಕೆಯಾದರೆ ಮತ್ತೆ ಕೂತು ಮಾತನಾಡುವುದು ಎಂದು ಆಯಿತು. ಅರ್ಜಿಗೆ ಏನೇನು ಕಾಗದಪತ್ರ ತಯಾರಿಡಬೇಕು?

ಬ್ಯಾಡಗಿ ವ್ಯಾಪಾರಿ
ಆಯ್ಕೆಯಾದರೆ ಯಾರೂ ಕೂತು ಮಾತನಾಡುವುದಿಲ್ಲ ತಂಗಿ, ಓಣಿಯವರು ಹಾರ ಹಾಕಿ ರೈಲು ಹತ್ತಿಸುತ್ತಾರೆ. ಮಾತನಾಡುವುದಿದ್ದರೆ ಈಗಲೇ.

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ಹತ್ತನೆಯ ಮತ್ತು ಪಿಯುಸಿ ಅಂಕಪಟ್ಟಿ, ವಾಸಸ್ಥಳ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ, ಅವಿವಾಹಿತ ಎಂಬ ಪ್ರಮಾಣಪತ್ರ. ಎಲ್ಲದರಲ್ಲೂ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮ ಕಡೆ ಹತ್ತನೆಯ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಓಟ ಗೆದ್ದವರು ಮೇಜಿನ ಮುಂದೆ ಸೋಲುವುದು ಅಲ್ಲಿಯೇ.

ಶಿರಹಟ್ಟಿ ಅಕ್ಕ
ಈಗಲೇ ತೆಗೆದು ನೋಡಿದೆ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಕೊನೆಗೆ "ಗೌಡ" ಇದೆ, ಅಂಕಪಟ್ಟಿಯಲ್ಲಿ ಇಲ್ಲ.

ಹಳೆಯ ಹವಾಲ್ದಾರ, ಲಕ್ಷ್ಮೇಶ್ವರ
ಅಂಕಪಟ್ಟಿಯನ್ನು ಮುಟ್ಟಬೇಡಿ, ಆಧಾರ್ ತಿದ್ದಿಸಿರಿ. ಸೋಮವಾರವೇ ಹೋಗಿ, ಅಲ್ಲಿಯೂ ಸರದಿ ಇರುತ್ತದೆ.